ಏಳು ಸ್ಟೂಲು, ಎಂಟು ಕನ್ನಡಕ

ಮೂವತ್ತೊಂದು ವರ್ಷ ನಂಬರು ಕೊಟ್ಟುಕೊಂಡೇ ಬಾಳಿದ ಮನುಷ್ಯನ ಎದುರು ನಿಂತು, ‘ನಂಬರನ್ನ ಕಂಪ್ಯೂಟರೇ ಹಾಕ್ಕೊಳ್ಳುತ್ತೆ, ನೀವು ಸುಮ್ನಿರಿ’ ಎನ್ನುವುದು ಸಭ್ಯತೆಯೇ? ನೀವೇ ಹೇಳಿ.

ನಾನು ಒಂದು ದೊಡ್ಡ ಕಚೇರಿಯ ದಾಖಲೆ ಕೋಣೆಯಲ್ಲಿ ಗುಮಾಸ್ತನಾಗಿದ್ದೆ. ಒಳಗೆ ಬಂದ ಪ್ರತಿ ಕಡತಕ್ಕೂ ಕ್ರಮಸಂಖ್ಯೆ ಕೊಡುವುದು ನನ್ನ ಕೆಲಸ. ಸಂಖ್ಯೆ ಒಂದು ಸಲ ರಿಜಿಸ್ಟರಿನಲ್ಲಿ, ಇನ್ನೊಂದು ಸಲ ಕಡತದ ರಟ್ಟಿನ ಮೇಲೆ. ಎರಡು ಕಡೆ ಇದ್ದರೆ ಅದು ಸಂಖ್ಯೆ, ಒಂದೇ ಕಡೆ ಇದ್ದರೆ ಗಾಳಿಮಾತು. ಇದು ನನಗೆ ಹಿರಿಯ ಗುಮಾಸ್ತರು ಹೇಳಿಕೊಟ್ಟ ಮೊದಲ ಪಾಠ. ಕಡತ ಹುಡುಕಿಕೊಂಡು ಬಂದ ಜನರನ್ನೂ ನಾನು ಹೆಸರು ಹಿಡಿದು ಕರೆದವನಲ್ಲ. ‘ನಾನೂರಾ ಹದಿನೇಳು! ಯಾರ್ರೀ ನಾನೂರಾ ಹದಿನೇಳು?’ ಎಂದು ಕೂಗಿದರೆ ಸಾಕು, ಎಂತೆಂಥ ದೊಡ್ಡ ಮನುಷ್ಯರೂ ‘ನಾನೇ ಸ್ವಾಮಿ’ ಎಂದು ಕೈ ಎತ್ತಿಕೊಂಡು ಓಡಿ ಬರುತ್ತಿದ್ದರು. (ಆ ವೈಭವ ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಆ ಎದೆಗೆ ಮುಂದೆ ಏನಾಯಿತು ಎಂಬುದೇ ಈ ಕಥೆ.)

ನಿವೃತ್ತನಾದ ಮಾರನೆಯ ಬೆಳಿಗ್ಗೆ ಎದ್ದು ನೋಡುತ್ತೇನೆ, ಮನೆಯಲ್ಲಿ ಒಂದಕ್ಕೂ ನಂಬರಿಲ್ಲ! ತಡೆಯಲಾಗಲಿಲ್ಲ. ಅಡುಗೆಮನೆಯಿಂದಲೇ ಶುರುಮಾಡಿದೆ. ಡಬ್ಬಿಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿ, ಯಾವ ನಂಬರಿನಲ್ಲಿ ಏನಿದೆ ಎಂದು ಬರೆದ ರಿಜಿಸ್ಟರನ್ನು ಭದ್ರವಾಗಿ ಬೀರುವಿನ ಮೇಲಿಟ್ಟೆ. ಸಕ್ಕರೆ 6, ಉಪ್ಪು 9. ಉಪ್ಪಿನ ಚೀಟಿ ತಲೆಕೆಳಗಾಗಿ ಅಂಟಿಕೊಂಡಿತ್ತು ಎಂಬುದು ನನ್ನ ಗಮನಕ್ಕೆ ಬರಲಿಲ್ಲ. ಮಧ್ಯಾಹ್ನ ಮನೆಗೆ ಬಂದ ನಾದಿನಿ, ಅಂದರೆ ನನ್ನ ಹೆಂಡತಿಯ ತಂಗಿ, ಒಂದು ಗುಟುಕು ಚಹಾ ಕುಡಿದು ಕೇಳಿದಳು:

‘ಭಾವ, ಈ ಚಹಾಕ್ಕೆ ನೀರು ಸಮುದ್ರದಿಂದ ತಂದ್ರಾ?’

ಹೆಂಡತಿ ಚೀಟಿಗಳನ್ನೆಲ್ಲ ಕಿತ್ತು ನನ್ನ ಅಂಗೈಯಲ್ಲಿ ಹಾಕಿದಳು. ‘ಇನ್ನೊಂದು ಸಲ ನನ್ನ ಡಬ್ಬಿ ಮುಟ್ಟಿದ್ರೆ ನಿಮಗೇ ಒಂದು ನಂಬರ್ ಅಂಟಿಸ್ತೀನಿ’ ಎಂದಳು. ಅದು ಬರಿಯ ಬೆದರಿಕೆ ಎಂದುಕೊಂಡಿದ್ದೆ.

ನನ್ನ ಹೆಂಡತಿ ಹೊಲಿಗೆ ಕೆಲಸದವಳು. ಇಪ್ಪತ್ತೆರಡು ವರ್ಷದಿಂದ ನಮ್ಮ ಮಲಗುವ ಕೋಣೆಯ ಕಿಟಕಿ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದವಳು. (ನಾನು ಹಾಸಿಗೆಯಲ್ಲಿ ಮಗ್ಗುಲಾದಾಗಲೆಲ್ಲ ‘ಅಯ್ಯೋ’ ಎನ್ನುತ್ತಿದ್ದುದು ಗುಂಡುಸೂಜಿಗಳ ದೆಸೆಯಿಂದ. ಬೇರೇನೂ ಅರ್ಥ ಕಲ್ಪಿಸಬೇಡಿ.) ಅವಳಿಗೆ ಒಂದೇ ಆಸೆ: ಒಂದು ಸ್ವಂತ ಕೋಣೆ ಹಿಡಿದು ಹೊಲಿಗೆ ತರಗತಿ ನಡೆಸಬೇಕು. ಬೀದಿ ತಿರುವಿನ ಲಾಂಡ್ರಿಯ ಮೇಲೆ ಅಂಥ ಕೋಣೆಯೊಂದು ಖಾಲಿಯಿತ್ತು. ಎರಡು ಕಡೆ ಕಿಟಕಿ, ಗೋಡೆಗುಂಟ ಉದ್ದದ ಕಟ್ಟೆ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಒಳ್ಳೆಯ ಬೆಳಕು. ಅವಳು ಅಲ್ಲಿಗೆ ಹೋಗಿ ಬಂದ ದಿನ ಊಟಕ್ಕೆ ಕೂತಾಗಲೂ ಕಿಟಕಿಗಳ ಅಗಲವನ್ನೇ ಹೇಳುತ್ತಿದ್ದಳು.

ಆದರೆ ಲಾಂಡ್ರಿಯವರು ಒಂದು ಷರತ್ತು ಹಾಕಿದ್ದರು. ಹಿಂದೆ ಯಾರೋ ನಾಲ್ಕು ಜನರನ್ನು ಕಟ್ಟಿಕೊಂಡು ಕುಣಿತದ ತರಗತಿ ಶುರುಮಾಡಿ ಎಂಟೇ ದಿನಕ್ಕೆ ಬಾಗಿಲು ಹಾಕಿದ್ದರಂತೆ.

‘ನೋಡಮ್ಮ, ತಿಂಗಳ ಕೊನೇ ದಿನ ನಾನೇ ಬಂದು ತಲೆ ಎಣಿಸ್ತೀನಿ. ಹತ್ತು ಜನ ಇದ್ರೆ ಕೋಣೆ ನಿಂದು. ಒಂಬತ್ತಿದ್ರೆ ಕುರ್ಚಿ ಬಾಡಿಗೆ ಕೊಡೋನಿಗೆ. ಅವನು ಸಾಮಾನು ತುಂಬೋಕೆ ಜಾಗ ಬೇಕು ಅಂತ ದಿನಾ ನನ್ನ ಜೀವ ತಿಂತಿದ್ದಾನೆ.’

ತಿಂಗಳ ಕೊನೆಗೆ ಮೂರು ವಾರವಿತ್ತು. ‘ಅಕ್ಕ, ಒಂದು ವೆಬ್ ಪುಟ ಮಾಡ್ಸು. ಈಗ ಎಲ್ಲರೂ ಫೋನಲ್ಲೇ ನೋಡೋದು’ ಎಂದಳು ನಾದಿನಿ. ಯಾರಿಂದ ಮಾಡಿಸುವುದು ಎಂದು ಅಕ್ಕತಂಗಿಯರು ಯೋಚಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ನಾನು ಎದ್ದು ನಿಂತೆ.

‘ನಾನು ಮಾಡ್ತೀನಿ!’

ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ನನ್ನ ಮಡಿಲಿನಿಂದ ನೆಲಕ್ಕುರುಳಿದ ಬಟಾಣಿಯನ್ನು ನೋಡಿದರು.

‘ರೀ, ನಿಮಗೆ ಅಲಾರಂ ಇಡೋಕೇ ಬರಲ್ಲ.’

‘ಗ್ರಂಥಾಲಯದಲ್ಲಿ ಹೊಸಬರಿಗೆ ಅಂತ ಪಾಠ ಮಾಡ್ತಾರೆ ಕಣೆ. ಕಲೀತೀನಿ. ಮೂವತ್ತೊಂದು ವರ್ಷ ದಾಖಲೆ ನೋಡ್ಕೊಂಡವನಿಗೆ ಒಂದು ಪುಟ ಯಾವ ಲೆಕ್ಕ?’

ಹೀಗೆ ನಾನು ವಿದ್ಯಾರ್ಥಿಯಾದೆ. ಪಾಠ ಮಾಡುತ್ತಿದ್ದ ಟೀಚರು ನನ್ನ ನಿವೃತ್ತಿ ವೇತನದ ಕಾಗದಕ್ಕಿಂತ ಸ್ವಲ್ಪ ಹಳಬಳು, ಅಷ್ಟೆ. ಆದರೆ ತಾಳ್ಮೆಯ ಮೂರ್ತಿ. ಎಚ್‌ಟಿಎಂಎಲ್ ಎಂದರೇನು ಎಂದು ಬಿಡಿಸಿ ಹೇಳಿದಳು. ನಾವು ಬರೆಯುವ ಸಾಲಿನ ಹಿಂದೆಮುಂದೆ ಮಡಿಸಿದ ಮೊಣಕೈಯಂಥ ಎರಡು ಚಿಹ್ನೆಗಳ ನಡುವೆ ಒಂದು ಸಣ್ಣ ಗುರುತು ಹಾಕಬೇಕು, ಅದನ್ನು ನೋಡಿ ಕಂಪ್ಯೂಟರು ಇದು ತಲೆಬರಹ, ಇದು ಪಟ್ಟಿ ಎಂದು ತಿಳಿದುಕೊಳ್ಳುತ್ತದೆ.

‘ಪಟ್ಟಿ ಎರಡು ಥರ ಸರ್’ ಎಂದಳು. ‘ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯ ಆದ್ರೆ ಓಎಲ್. ಅದು ನಂಬರ್ ಪಟ್ಟಿ. ದಾರ ಪೋಣಿಸ್ಬೇಕು, ಗಂಟು ಹಾಕ್ಬೇಕು, ಆಮೇಲೆ ಹೊಲೀಬೇಕು, ಅದಲುಬದಲು ಮಾಡೋ ಹಾಗಿಲ್ಲ. ಅದೇ ಚೀಲಕ್ಕೆ ಸಾಮಾನು ತುಂಬೋದಾದ್ರೆ ಕತ್ತರಿ ಮೊದಲು ಹಾಕಿದ್ರೂ ಒಂದೇ, ಟೇಪು ಮೊದಲು ಹಾಕಿದ್ರೂ ಒಂದೇ. ಅದಕ್ಕೆ ಯುಎಲ್, ಚುಕ್ಕೆ ಪಟ್ಟಿ. ಎರಡರಲ್ಲೂ ಒಳಗಿನ ಒಂದೊಂದು ಸಾಲಿಗೆ ಎಲ್‌ಐ. ಶುರು ಮಾಡುವಾಗ ಗುರುತು, ಮುಗಿಸುವಾಗ ಅದೇ ಗುರುತಿಗೆ ಓರೆಗೆರೆ ಸೇರಿಸಿ ಮುಚ್ಚೋದು.’

ನಾನು ಮೊದಲ ದಿನ ಚುಕ್ಕೆ ಪಟ್ಟಿ ಮಾಡಿ, ಮುಚ್ಚುವುದನ್ನು ಮರೆತೆ. ಪಟ್ಟಿಯ ಕೆಳಗೆ ಬರೆದದ್ದೆಲ್ಲ ಬಲಕ್ಕೆ ಸರಿದು ಗೋಡೆಗೆ ಒರಗಿದವರಂತೆ ನಿಂತುಬಿಟ್ಟಿತು.

‘ತೆರೆದಿದ್ದನ್ನ ಮುಚ್ಚಬೇಕು ಸರ್’ ಎಂದಳು ಟೀಚರು.

ನನಗೆ ರೋಮಾಂಚನವಾಯಿತು. ಇದೇ ವಾಕ್ಯವನ್ನು ನಾನು ಮನೆಯಲ್ಲಿ ಇಪ್ಪತ್ತೇಳು ವರ್ಷದಿಂದ ಕೇಳುತ್ತಿದ್ದೇನೆ. ಬೀರುವಿನ ಬಾಗಿಲು, ನಲ್ಲಿ, ಟೂತ್‌ಪೇಸ್ಟಿನ ಮುಚ್ಚಳ, ಒಮ್ಮೊಮ್ಮೆ ನನ್ನ ಬಾಯಿ. ಮನೆಗೆ ಬಂದು ಹೇಳಿದರೆ ಹೆಂಡತಿ, ‘ಆ ಹುಡುಗಿ ಮನೆ ವಿಳಾಸ ಕೊಡಿ, ನಾನೇ ಹೋಗಿ ಮಾತಾಡಿಸ್ಕೊಂಡು ಬರ್ತೀನಿ’ ಎಂದಳು.

ನಿಜವಾದ ಆಘಾತ ಕಾದಿದ್ದು ನಂಬರ್ ಪಟ್ಟಿಯ ದಿನ. ಓಎಲ್ ಬರೆದು ಒಳಗೆ ಮೂರು ಸಾಲು ಹಾಕಿದೆ. ನಾನು ಅಂಕಿಯ ಗುಂಡಿ ಒತ್ತುವ ಮೊದಲೇ ಪರದೆಯ ಮೇಲೆ 1, 2, 3 ಎಂದು ತಾವಾಗಿಯೇ ಮೂಡಿದವು! ಟೀಚರು ಖುಷಿಯಿಂದ ನಡುವೆ ಇನ್ನೊಂದು ಸಾಲು ಸೇರಿಸಿದಳು. ಮೂರಾಗಿದ್ದದ್ದು ಕಣ್ಣೆದುರೇ ನಾಲ್ಕಾಯಿತು.

‘ಯಾರನ್ನ ಕೇಳಿ ಬದಲಾಯ್ತು ಇದು?’ ಎಂದೆ.

‘ತಾನೇ ಆಗುತ್ತೆ ಸರ್.’

ತಾನೇ ಆಗುತ್ತದಂತೆ! ನಮ್ಮ ಕಚೇರಿಯಲ್ಲಿ ಮೂರನೆಯ ಕಡತ ನಾಲ್ಕಾಗಬೇಕಾದರೆ ಮೂವರ ಸಹಿ, ಒಂದು ಮೊಹರು, ಹನ್ನೊಂದು ದಿನ ಬೇಕಿತ್ತು. ಇವತ್ತು ತಾನಾಗಿ ಬಂದದ್ದು ನಾಳೆ ತಾನಾಗಿ ಹೋಗುವುದಿಲ್ಲ ಎಂಬ ಖಾತರಿ ಏನು? ಟೀಚರ ಮನಸ್ಸು ನೋಯಿಸಬಾರದೆಂದು ತಲೆಯಾಡಿಸಿದೆನೇ ಹೊರತು ಒಂದಕ್ಷರವನ್ನೂ ನಂಬಲಿಲ್ಲ.

ತರಗತಿ ಶುರುವಾಗಲು ಆರು ದಿನವಿದ್ದಾಗ ಹೆಂಡತಿ ಒಂದು ಚೀಟಿ ಕೊಟ್ಟಳು. ಮೇಲೆ ಜಾಗ, ದಿನ, ಹೊತ್ತು. ಕೆಳಗೆ ‘ಮೊದಲ ದಿನ ತರಬೇಕಾದ್ದು’ ಎಂದು ಹತ್ತು ಸಾಲು. ಒಂದೊಂದು ಸಾಲಿನ ಮುಂದೆಯೂ ಸಣ್ಣ ಚುಕ್ಕೆ.

‘ಹೀಗೇ ಹಾಕಿ. ನಿಮ್ಮ ಕೈಚಳಕ ಏನೂ ಬೇಡ.’

‘ಚುಕ್ಕೆನಾ? ಯಾವ ಚುಕ್ಕೆ ಯಾವ್ದು ಅಂತ ಹೇಗೆ ಗೊತ್ತಾಗುತ್ತೆ?’

‘ಚುಕ್ಕೆ ಮುಂದೆ ಕತ್ತರಿ ಅಂತಿದ್ರೆ ಅದು ಕತ್ತರಿ ರೀ!’

ಹೆಂಗಸಿಗೆ ಆಡಳಿತದ ಸೂಕ್ಷ್ಮ ತಿಳಿಯದು ಎಂದುಕೊಂಡು ಗ್ರಂಥಾಲಯಕ್ಕೆ ನಡೆದೆ. ಅವತ್ತು ಟೀಚರು ನೆಗಡಿಯೆಂದು ರಜೆ. ಯಾವ ಗುಂಡಿ ಒತ್ತಿದರೆ ಪುಟ ಲೋಕಕ್ಕೆಲ್ಲ ಕಾಣುತ್ತದೆ ಎಂದು ಮೊದಲೇ ತೋರಿಸಿಕೊಟ್ಟಿದ್ದಳು. ನಾನು ಸಾಕ್ಷಾತ್ ಸರ್ವಾಧಿಕಾರಿಯಾಗಿ ಕೂತು ಯುಎಲ್ಲನ್ನು ವಜಾ ಮಾಡಿದೆ. ಓಎಲ್ಲನ್ನು ನೇಮಿಸಿದೆ. ಅದು ತಾನಾಗಿ ಹಾಕಿಕೊಳ್ಳುವ ಅಂಕಿಯ ಮೇಲೆ ಭರವಸೆ ಇಲ್ಲದ್ದರಿಂದ ಒಂದೊಂದು ಸಾಲಿನ ಆರಂಭದಲ್ಲೂ ನನ್ನ ಕೈಯಾರೆ ಒಂದು ಅಂಕಿ ಒತ್ತಿದೆ. ಅಂಕಿಯ ಮುಂದೆ ಚುಕ್ಕೆ ಇಡುವ ಪದ್ಧತಿ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಇಲ್ಲೂ ಇಡಲಿಲ್ಲ. ಪರದೆಯಲ್ಲಿ ನೋಡಿದೆ:

1. 1 ಅಳತೆ ಟೇಪು
2. 2 ಕತ್ತರಿ
3. 3 ಗುರುತು ಹಾಕುವ ಸೀಮೆಸುಣ್ಣ
4. 4 ದಾರದ ಉಂಡೆ
5. 5 ಸೂಜಿ
6. 6 ಹಳೇ ಅಂಗಿ
7. 7 ಕೂರಲು ಸ್ಟೂಲು
8. 8 ಕನ್ನಡಕ, ಮರೆಯದೆ
9. 9 ನೀರಿನ ಬಾಟಲಿ
10. 10 ತಾಳ್ಮೆ

ಕಣ್ಣು ತುಂಬಿ ಬಂತು. ಒಂದು ರಿಜಿಸ್ಟರಿನ ಸಂಖ್ಯೆ, ಒಂದು ರಟ್ಟಿನ ಸಂಖ್ಯೆ! ನನ್ನ ಹಿರಿಯ ಗುಮಾಸ್ತರು ಬದುಕಿದ್ದರೆ ಬೆನ್ನು ತಟ್ಟುತ್ತಿದ್ದರು. ಪಟ್ಟಿಯನ್ನು ಮರೆಯದೆ ಮುಚ್ಚಿದೆ. ಗುಂಡಿ ಒತ್ತಿದೆ.

‘ಎಲ್ಲಾ ಸರಿ ಇದೆಯಾ?’ ಎಂದು ಮನೆಗೆ ಬಂದಾಗ ಕೇಳಿದಳು ಹೆಂಡತಿ. ಯಾರದೋ ಕೋಟಿನ ತೋಳು ಕೂಡಿಸುತ್ತಿದ್ದಳು, ಬಾಯಲ್ಲಿ ಗುಂಡುಸೂಜಿಗಳಿದ್ದವು.

‘ಎರಡೆರಡು ಸಲ ಸರಿ ಇದೆ’ ಎಂದೆ. ಅದು ಸುಳ್ಳಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಪುಟದಲ್ಲಿ ನನ್ನ ಫೋನ್ ನಂಬರನ್ನೇ ಹಾಕಿದ್ದೆ. ಕರೆಗಳು ಬಂದವು! ಮೂರೇ ದಿನದಲ್ಲಿ, ನಾದಿನಿಯೂ ಸೇರಿ, ಹನ್ನೆರಡು ಜನ ಹೆಸರು ಕೊಟ್ಟರು. ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಹೊಲಿಗೆ ಯಂತ್ರ ತುಳಿಯುತ್ತಾ ಹಾಡು ಹೇಳಿಕೊಂಡಳು. ‘ಹತ್ತು ಕೇಳಿದ್ರು, ಹನ್ನೆರಡು ಕೊಟ್ರಲ್ಲ ರೀ ನೀವು!’ ಎಂದು ನನ್ನ ಲೋಟಕ್ಕೆ ಎರಡನೇ ಸಲ ಚಹಾ ಬಗ್ಗಿಸಿದಳು. ಕೇಳದೆ ನನಗೆ ಎರಡನೇ ಚಹಾ ಸಿಕ್ಕಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಕೆಲವರು ಸಂಶಯ ಕೇಳಿದ್ದೂ ಉಂಟು. ಸುಳ್ಳು ಯಾಕೆ ಹೇಳಲಿ? ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಫೋನ್ ಮಾಡಿ, ‘ಸ್ವಾಮಿ, ಸ್ಟೂಲು ಏಳು ಅಂತ ಇದೆಯಲ್ಲ, ಸರಿನಾ?’ ಎಂದರು.

‘ಏಳೇ’ ಎಂದೆ. ಸ್ಟೂಲಿನ ಕ್ರಮಸಂಖ್ಯೆ ನನಗೆ ಬಾಯಿಪಾಠವಾಗಿತ್ತು.

‘ಅಷ್ಟೂ ತರಲೇಬೇಕಾ?’

‘ಪಟ್ಟಿಯಲ್ಲಿ ಇರೋದು ಒಂದೂ ಬಿಡೋ ಹಾಗಿಲ್ಲ. ಶಿಸ್ತು ಅಂದ್ರೆ ಶಿಸ್ತು!’

‘ನಾನೂ ಸರ್ಕಾರಿ ಕೆಲಸ ಮಾಡಿದವನೇ. ಅರ್ಥ ಆಯ್ತು’ ಎಂದು ನಿಟ್ಟುಸಿರು ಬಿಟ್ಟು ಫೋನ್ ಇಟ್ಟರು. ಎಂಥ ಸಂಸ್ಕಾರವಂತರು ಎಂದುಕೊಂಡೆ.

ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆ ಒಂಬತ್ತೂವರೆಗೆ ಹೆಂಡತಿ ಹೊಸ ಸೀರೆಯುಟ್ಟು, ಕೋಣೆಯ ಕಿಟಕಿಗಳನ್ನು ತೆರೆದು, ಕಟ್ಟೆಯ ಮೇಲೆ ಬಟ್ಟೆ ಹಾಸಿ ಕಾಯುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತಿದ್ದೆ. ಬೀದಿ ತಿರುವಿನಲ್ಲಿ ಮೊದಲು ಕಂಡದ್ದು ಒಂದು ತಳ್ಳುಗಾಡಿ. ಅದರ ಮೇಲೆ ಸ್ಟೂಲುಗಳ ಗೋಪುರ. ಗೋಪುರದ ಹಿಂದಿನಿಂದ ಪೋಸ್ಟ್‌ಮಾಸ್ಟರರ ಬೋಳುತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು.

‘ಪಾಪ, ಮನೆ ಬದಲಾಯಿಸ್ತಿದ್ದಾರೆ ಅಂತ ಕಾಣುತ್ತೆ’ ಎಂದೆ.

ಅವರು ಲಾಂಡ್ರಿಯ ಮುಂದೆಯೇ ನಿಂತರು. ಹದಿನೆಂಟು ಮೆಟ್ಟಿಲಿನ ಇಕ್ಕಟ್ಟಾದ ಏಣಿದಾರಿಯಲ್ಲಿ ಒಂದೊಂದೇ ಸ್ಟೂಲು ಹೊತ್ತು ಏಳು ಸಲ ಹತ್ತಿ ಇಳಿದರು. ಹಿಂದೆಯೇ ಉಳಿದವರು. ಸ್ಟೂಲಿನ ಮೇಲೆ ಸ್ಟೂಲು, ಸ್ಟೂಲಿನ ಕಾಲಿಗೆ ಸಿಕ್ಕಿದ ಅಂಗಿ, ಅಂಗಿಯ ಗಂಟಿನಲ್ಲಿ ಬಾಟಲಿ. ಮೆಟ್ಟಿಲ ತುಂಬ ಬಾಟಲಿಗಳು ಉರುಳಿದ ಸದ್ದು. ಕನ್ನಡಕದಂಗಡಿಯವರ ಹೆಂಡತಿ ಒಬ್ಬರೇ ನಗುನಗುತ್ತಾ ಬಂದರು.

‘ಎಂಟು ಕನ್ನಡಕ ನಮಗೇನು ಕಷ್ಟ ಬಿಡಿ, ಮನೆಯಲ್ಲೇ ಇತ್ತು’ ಎಂದು ಸಾಲಾಗಿ ಕಟ್ಟೆಯ ಮೇಲೆ ಜೋಡಿಸಿದರು. ‘ಆದ್ರೆ ಹೊಲಿಗೆ ಕಲಿಯೋಕೆ ಎಂಟು ಯಾಕಮ್ಮ?’

ನಾದಿನಿ ಮೂರು ಸ್ಟೂಲು ಇಳಿಸಿ ಏದುಸಿರು ಬಿಡುತ್ತಾ, ‘ಅಕ್ಕ, ಮಿಕ್ಕ ನಾಲ್ಕು ಸಿಗಲಿಲ್ಲ. ಕುರ್ಚಿ ಬಾಡಿಗೆಯೋನ ಹತ್ರ ಸ್ಟೂಲೆಲ್ಲಾ ಖಾಲಿ. ಬೆಳಿಗ್ಗೆಯಿಂದ ಜನ ಮುತ್ಕೊಂಡಿದ್ದಾರೆ’ ಎಂದಳು. ಪೋಸ್ಟ್‌ಮಾಸ್ಟರರು ಬೆವರೊರೆಸಿಕೊಂಡು, ‘ತಾಯಿ, ಒಂಬತ್ತರವರೆಗೆ ಎಲ್ಲಾ ತಂದಿದ್ದೀನಿ. ಹತ್ತು ತಾಳ್ಮೆ ಮಾತ್ರ ಆಗಲಿಲ್ಲ. ಇದ್ದಿದ್ದೂ ಮೆಟ್ಟಿಲ ಮೇಲೆ ಖರ್ಚಾಯ್ತು’ ಎಂದರು.

ಹೆಂಡತಿ ಮೆಲ್ಲಗೆ ನಾದಿನಿಯ ಫೋನ್ ತೆಗೆದುಕೊಂಡು ಪುಟ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

‘ರೀ. ಇದೇನು?’

‘ಒಂದು ಅದು ಹಾಕಿದ್ದು, ಒಂದು ನಾನು ಹಾಕಿದ್ದು...’ ಎಂದು ಶುರುಮಾಡಿದ ನನಗೆ, ಹೇಳುತ್ತಾ ಹೇಳುತ್ತಾ ನನ್ನ ಮಾತಿನ ಅರ್ಥ ನನಗೇ ಆಯಿತು.

ಆ ಹೊತ್ತಿಗೆ, ಹೆಸರು ಕೊಟ್ಟಿದ್ದ ಬೇಕರಿಯ ಅತ್ತೆಸೊಸೆಯರು ಮತ್ತು ಅವರ ಪಕ್ಕದ ಮನೆಯಾಕೆ, ‘ಮೊದಲ ದಿನವೇ ಇಷ್ಟು ಹೊರಿಸೋರು ಎರಡನೇ ದಿನ ಬೀರು ತರೋಕೆ ಹೇಳ್ತಾರೆ’ ಎಂದು ಸಿಟ್ಟಿನಿಂದ ಇಳಿದು ಹೋಗಿಬಿಟ್ಟರು. ಬಾಟಲಿಗಳನ್ನು ಇಲ್ಲೇ ಬಿಟ್ಟರು. ಅವರನ್ನು ಕೂಗಲು ನಾನು ಬಾಗಿಲಿಗೆ ಓಡಿದರೆ ಎದುರಿಗೆ ಲಾಂಡ್ರಿಯವರು! ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದೆ ಹೊಸಿಲಲ್ಲೇ ನಿಂತರು.

‘ಏನಮ್ಮ ಇದು? ಕುರ್ಚಿಯೋನಿಗೆ ಕೋಣೆ ಕೊಡ್ಬೇಡಿ ಅಂತ ನೀನು ಕೇಳಿದ್ದಕ್ಕೆ ಕಾದೆ. ಈಗ ಅವನ ಸ್ಟೂಲನ್ನೆಲ್ಲ ನೀನೇ ತಂದು ತುಂಬಿದೀಯಲ್ಲ?’

ಅವರು ಸ್ಟೂಲುಗಳ ಸಂದಿಯಲ್ಲಿ ತಲೆ ಎಣಿಸತೊಡಗಿದರು. ‘ಏಳು... ಎಂಟು... ಒಂಬತ್ತು.’ ಇನ್ನೊಮ್ಮೆ ಎಣಿಸಿದರು. ಒಂಬತ್ತೇ.

ಹೆಂಡತಿ ಕಿಟಕಿಯ ಕಡೆಗೆ ತಿರುಗಿದಳು. ಅವಳ ಮುಖ ನನಗೆ ಕಾಣಲಿಲ್ಲ, ಆದರೆ ಹೊಸ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದುದು ಕಾಣಿಸಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದ ಆಸೆಯನ್ನು ಹತ್ತು ಅಂಕಿ ಒತ್ತಿ ಹಾಳುಮಾಡಿದೆನಲ್ಲ ಎಂದು ಸಂಕಟವಾಯಿತು. ಕೈಯಲ್ಲಿ ಒಂದು ಸ್ಟೂಲು ಹಿಡಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತೆ.

ಅವಳು ಮತ್ತೆ ಇತ್ತ ತಿರುಗಿದಾಗ ಕಣ್ಣಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ಹೊಳಪಿತ್ತು.

‘ಒಂಬತ್ತಲ್ಲ, ಹತ್ತು. ಸರಿಯಾಗಿ ಎಣಿಸಿ’ ಎಂದಳು ಲಾಂಡ್ರಿಯವರಿಗೆ.

‘ಹತ್ತನೆಯವರು ಎಲ್ಲಿ?’

‘ನಿಮ್ಮ ಪಕ್ಕದಲ್ಲೇ ಸ್ಟೂಲು ಹಿಡ್ಕೊಂಡು ನಿಂತಿದ್ದಾರಲ್ಲ, ಅವರೇ.’

‘ನಾನಾ?’ ಎಂದು ಕಿರುಚಿದೆ. ‘ನಾನು ಹೊಲಿಗೆ ಕಲೀಬೇಕಾ? ನನಗೇನು ಬೇರೆ ಕೆಲಸ ಇಲ್ವಾ?’

‘ಇಲ್ಲ!’ ಎಂದರು ಅಕ್ಕತಂಗಿಯರು ಒಟ್ಟಿಗೆ.

ಮೊದಲು ನಕ್ಕದ್ದು ಪೋಸ್ಟ್‌ಮಾಸ್ಟರರು. ಆಮೇಲೆ ಕನ್ನಡಕದಂಗಡಿಯಾಕೆ. ಆಮೇಲೆ ಯಾರು ಯಾರು ಎಂದು ಹೇಳಲಾರೆ, ಇಡೀ ಕೋಣೆಯೇ ನಗುತ್ತಿತ್ತು. ಲಾಂಡ್ರಿಯವರೂ ಹೊಟ್ಟೆ ಹಿಡಿದುಕೊಂಡು ಹತ್ತಿರದ ಸ್ಟೂಲಿನ ಮೇಲೆ ಕುಸಿದರು. ನಗು ನಿಂತ ಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಹೆಂಡತಿಯ ಕೈಗಿಟ್ಟರು. ಕೆಳಗೆ ಸ್ಟೂಲುಗಳನ್ನು ವಾಪಸು ಒಯ್ಯಲು ಬಂದಿದ್ದ ಕುರ್ಚಿ ಬಾಡಿಗೆಯವನು ಕೋಣೆ ತಪ್ಪಿದ್ದಕ್ಕೆ ಬೇಸರಪಟ್ಟುಕೊಂಡಂತೆ ಕಾಣಲಿಲ್ಲ. ‘ಸ್ವಾಮಿ, ಮುಂದಿನ ಪಟ್ಟಿ ಯಾವಾಗ ಹಾಕ್ತೀರಿ?’ ಎಂದು ನನ್ನನ್ನು ಬಹಳ ಗೌರವದಿಂದ ವಿಚಾರಿಸಿದ.

ಅವತ್ತು ಸೇರಿದ ಹಳೆಯ ಅಂಗಿಗಳೇ ಐವತ್ತರ ಮೇಲಾಗಿದ್ದವು. ಮೂರು ತಿಂಗಳ ಅಭ್ಯಾಸಕ್ಕೆ ಬಟ್ಟೆಯ ಚಿಂತೆಯೇ ಇಲ್ಲ ಎಂದು ಹೆಂಡತಿ ಹಿಗ್ಗಿದಳು. ಮಾರನೆಯ ದಿನ ಬೇಕರಿಯ ಅತ್ತೆಸೊಸೆಯರ ಮನೆಗೆ ಅವಳೇ ಹೋಗಿ ಕರೆದಳು. ಅಲ್ಲಿಂದ ನೇರವಾಗಿ ಗ್ರಂಥಾಲಯಕ್ಕೆ ಹೋಗಿ ಟೀಚರ ಪಕ್ಕ ಕೂತು, ಒಂದೇ ಮಧ್ಯಾಹ್ನದಲ್ಲಿ ನಾನು ಎರಡು ವಾರ ಕಲಿತದ್ದನ್ನೆಲ್ಲ ಕಲಿತು ಪುಟವನ್ನು ತಿದ್ದಿ ಬರೆದಳು. ತರಬೇಕಾದ್ದಕ್ಕೆಲ್ಲ ಬರಿಯ ಚುಕ್ಕೆ. ಸೇರಿದವರ ಹೆಸರಿಗೆ ಮಾತ್ರ ನಂಬರ್ ಪಟ್ಟಿ. ಒಂದೊಂದು ಹೆಸರಿಗೂ ಒಂದೇ ಅಂಕಿ, ಅದನ್ನು ಹಾಕಿದ್ದು ಕಂಪ್ಯೂಟರು. ನನ್ನ ಹೆಸರು ಕೊನೆಯಲ್ಲಿತ್ತು. ಬಿಟ್ಟುಹೋದವರು ಹಿಂದಿರುಗಿ ಬಂದದ್ದರಿಂದ, ನನ್ನನ್ನು ಯಾರೂ ಕೇಳದೆ, ಒಂದೇ ಒಂದು ಸಹಿಯೂ ಇಲ್ಲದೆ, ಹತ್ತಾಗಿದ್ದವನು ಹದಿಮೂರಾಗಿದ್ದೆ.

‘ಈಗ ಜನ ಸಾಕಷ್ಟಿದ್ದಾರಲ್ಲ, ನಾನು ಬಿಡಬಹುದಾ?’ ಎಂದು ಕೇಳಿ ನೋಡಿದೆ.

‘ಪಟ್ಟಿಯಲ್ಲಿ ಇರೋದು ಒಂದೂ ಬಿಡೋ ಹಾಗಿಲ್ಲ’ ಎಂದಳು.

ಈಗ ದಿನವೂ ಹತ್ತು ಗಂಟೆಗೆ ಒಂದು ಸ್ಟೂಲು, ಒಂದು ಕನ್ನಡಕ ತೆಗೆದುಕೊಂಡು ಹದಿನೆಂಟು ಮೆಟ್ಟಿಲು ಹತ್ತುತ್ತೇನೆ. ನಿನ್ನೆ ನೇರ ಹೊಲಿಗೆಯ ಪರೀಕ್ಷೆ. ಒಂದು ಮೊಳ ಹೊಲಿದು, ಕೊನೆಗೆ ಗಂಟು ಹಾಕುವುದನ್ನು ಮರೆತು, ಬಟ್ಟೆಯನ್ನು ಹೆಮ್ಮೆಯಿಂದ ಎತ್ತಿ ಹಿಡಿದೆ. ದಾರ ಸರ್ರನೆ ಕಳಚಿಕೊಂಡು ನೆಲಕ್ಕೆ ಬಿತ್ತು. ನಾನು ಬಗ್ಗಿ, ಪೋಸ್ಟ್‌ಮಾಸ್ಟರರ ಕಾಲಡಿಯಲ್ಲಿ ದಾರ ಹುಡುಕುತ್ತಿದ್ದಾಗ ಮೇಜಿನ ಕಡೆಯಿಂದ ಕೂಗು ಕೇಳಿಸಿತು:

‘ಹದಿಮೂರು! ಯಾರ್ರೀ ಹದಿಮೂರು?’

‘ನಾನೇ ಮೇಡಂ’ ಎಂದು ಕೈ ಎತ್ತಿಕೊಂಡು ಓಡಿದೆ.